ಬಣ್ಣದ ಮನೆಯ ಬಾಗಿಲು

ನಮ್ಮೂರಿನಲ್ಲಿ ಹೆಣ್ಣಿನ ಕಡೆಯವರು ಮೊದಲು ವಿಚಾರಿಸುವುದು ಹುಡುಗನ ಸಂಬಳವನ್ನಲ್ಲ, ಅವನ ಆಫೀಸಿನ ಬಾಗಿಲು ಎಷ್ಟು ಅಗಲ ಎಂದು. ಅಗಲವಿದ್ದರೆ ಉಪ್ಪಿಟ್ಟು, ಕೇಸರಿಬಾತು. ಇಕ್ಕಟ್ಟಾಗಿದ್ದರೆ ಬರೀ ಕಾಫಿ. ಈಗೀಗ ಹುಡುಗಿಯರಿಗೂ ಅದೇ ಪ್ರಶ್ನೆ. ನನ್ನನ್ನು ನೋಡಲು ಬಂದಿದ್ದ ಒಬ್ಬ ಮಹಾಶಯ ನಾನು ನೂಲಿಗೆ ಬಣ್ಣ ಹಾಕುವ ಬಣ್ಣದ ಮನೆಯಲ್ಲಿ ಕೆಲಸ ಮಾಡುತ್ತೇನೆ ಎಂದು ತಿಳಿದ ಕೂಡಲೇ ನನ್ನ ಸೊಂಟದ ಕಡೆ ಒಮ್ಮೆ ನೋಡಿ, ಆ ಬಾಗಿಲಲ್ಲಿ ಹೇಗೆ ಹೋಗುತ್ತೀರಿ ಎಂದು ಕೇಳಿದ. ಅಡ್ಡಡ್ಡ ಹೋಗುತ್ತೇನೆ ಎಂದೆ. ಆ ಸಂಬಂಧ ಕೂಡಿಬರಲಿಲ್ಲ.

ಬಾಗಿಲುಗಳು ಕೇಳಿಸಿಕೊಳ್ಳುವುದು ನಮ್ಮ ವಯಸ್ಸಿನವರ ಮಾತನ್ನು ಮಾತ್ರ. ಅಂದರೆ ಕ್ಯಾಸೆಟ್ಟಿನ ರೀಲು ಸಿಕ್ಕಾದಾಗ ಪೆನ್ಸಿಲ್ ತೂರಿಸಿ ತಿರುಗಿಸಿದ ಕೊನೆಯವರು, ಮಿಸ್ಡ್ ಕಾಲ್ ಕೊಟ್ಟು ಪ್ರೀತಿ ಹೇಳಿದ ಮೊದಲನೆಯವರು. ನಾವು ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಾಗ ಮನೆಯವರು ಕೆಲಸ ಹೇಗಿತ್ತು ಎಂದು ಕೇಳುತ್ತಾರಲ್ಲ, ಆಗ ನಾವು ಹೇಳುವ ಉತ್ತರ ಊರಿನ ಆಚೆ ತುದಿಯಲ್ಲಿರುವ ಆಫೀಸಿನ ಬಾಗಿಲಿಗೆ ಮುಟ್ಟುತ್ತದೆ. ಚೆನ್ನಾಗಿತ್ತು ಎಂದರೆ ಬೆಳಗಾಗುವಷ್ಟರಲ್ಲಿ ಬಾಗಿಲು ಕೊಂಚ ಅಗಲವಾಗಿರುತ್ತದೆ. ಸಾಕಾಗಿಹೋಯಿತು ಎಂದರೆ ಕಿರಿದಾಗಿರುತ್ತದೆ. ನಮ್ಮಪ್ಪ ನೀರು ಸರಬರಾಜು ಕಚೇರಿಯಲ್ಲಿ ತಲೆ ಪೂರಾ ನರೆಯುವ ತನಕ ದುಡಿದವರು. ಅಲ್ಲಿಯ ಬಾಗಿಲು ಒಂದು ದಿನವೂ ಅಲ್ಲಾಡಲಿಲ್ಲವಂತೆ. "ನಮ್ಮನ್ನ ಯಾರೂ ಹೇಗಿತ್ತು ಅಂತ ಕೇಳ್ಲಿಲ್ಲ, ನಾವೂ ಹೇಳ್ಲಿಲ್ಲ" ಎನ್ನುತ್ತಾರೆ. ಅದನ್ನು ಅವರು ಹೆಮ್ಮೆಯಿಂದ ಹೇಳುತ್ತಾರೋ ಬೇಜಾರಿನಿಂದಲೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಊರು ಇದಕ್ಕೆ ಒಗ್ಗಿಕೊಂಡಿದೆ. ಬೀಜದ ಅಂಗಡಿಯ ಹುಡುಗರಿಗೆ ಅಲ್ಲಿ ಎಷ್ಟು ಖುಷಿಯೆಂದರೆ ಅದರ ಬಾಗಿಲು ಹಿಗ್ಗಿ ಹಿಗ್ಗಿ ಬೀದಿಯ ಹಸುಗಳು ಒಳಗೆ ಬಂದು ಗಲ್ಲಾಪೆಟ್ಟಿಗೆಯ ಹತ್ತಿರ ಮಲಗುತ್ತವೆ. ವಿಮೆ ಕಚೇರಿಯವರು ಮಾತ್ರ ಸಣಕಲು ಜನರನ್ನೇ ಹುಡುಕಿ ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ಪುರಸಭೆಯಿಂದ ಅಳತೆಯವರು ಟೇಪು ಹಿಡಿದು ಬರುತ್ತಾರೆ. ಎಲ್ಲರಿಗಿಂತ ಅಗಲ ಬಾಗಿಲಿನವರಿಗೆ ಹಾರ, ಫಲಕ, ಪತ್ರಿಕೆಯಲ್ಲಿ ಫೋಟೊ. ಅದಕ್ಕಾಗಿ ಮಾಲೀಕರು ಮಾಡದ ಕಸರತ್ತಿಲ್ಲ. ಒಬ್ಬರು ಬಡಗಿಯನ್ನು ಕರೆಸಿ ಹಳೆ ಚೌಕಟ್ಟು ಕೀಳಿಸಿ ದೊಡ್ಡದನ್ನು ಕೂರಿಸಿದರು. ಮಾರನೆಯ ಬೆಳಗ್ಗೆ ಹೊಸದೂ ಹಳೆಯ ಅಳತೆಗೇ ಬಂದಿತ್ತು. ಇನ್ನೊಬ್ಬರು ಕೆಲಸದವರ ಮನೆಮನೆಗೆ ಮೈಸೂರುಪಾಕು ಕಳಿಸಿ, ಸಂಜೆ ಹೀಗೀಗೆ ಹೇಳಿ ಎಂದು ಹೇಳಿಕೊಟ್ಟರು. ಮೈಸೂರುಪಾಕು ಖಾಲಿಯಾಯಿತು, ಬಾಗಿಲು ಮಿಸುಕಲಿಲ್ಲ. ಬಾಯಿಪಾಠದ ಮಾತು ಬಾಗಿಲಿಗೆ ತಲುಪುವುದಿಲ್ಲ, ಹೊಟ್ಟೆಯೊಳಗಿನದು ಮಾತ್ರ ತಲುಪುತ್ತದೆ.

ಹೀಗಾಗಿ ನಮ್ಮೂರಿನ ಮನೆಗಳಲ್ಲಿ ಒಂದು ಮಾತು ಬೇರೂರಿತು. ಪರವಾಗಿಲ್ಲ. ಸಾರು ರುಚಿಯಾಗಿದ್ದರೂ ಪರವಾಗಿಲ್ಲ, ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೂ ಪರವಾಗಿಲ್ಲ, ಜ್ವರ ಇಳಿದರೂ ಪರವಾಗಿಲ್ಲ. ಈ ಮಾತಿಗೆ ಬಾಗಿಲು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಅಮ್ಮ ಕೇಳುತ್ತಾಳೆ, ನಾನು ಪರವಾಗಿಲ್ಲ ಎನ್ನುತ್ತೇನೆ, ಅಮ್ಮ ತಟ್ಟೆ ಹಾಕುತ್ತಾಳೆ. ಇಷ್ಟರಲ್ಲೇ ವರ್ಷಗಳು ಕಳೆದವು. ಆದರೂ ಮನುಷ್ಯರ ನಾಲಿಗೆ ಅಲ್ಲವೇ, ಆಗೊಮ್ಮೆ ಈಗೊಮ್ಮೆ ನಮ್ಮಲ್ಲಿ ಯಾರಾದರೂ ಮನೆಯಲ್ಲಿ ನಿಜ ಆಡಿಬಿಡುತ್ತಿದ್ದರು. ಬಣ್ಣದ ಮನೆಯ ಬಾಗಿಲು ಹಾಗೆ ಕುಗ್ಗುತ್ತ ಬಂದು, ಊಟದ ಡಬ್ಬಿಯನ್ನು ತಲೆಯ ಮೇಲೆ ಇಟ್ಟುಕೊಂಡು ಉಸಿರು ಬಿಗಿಹಿಡಿದು ನುಸುಳುವ ಮಟ್ಟಕ್ಕೆ ಬಂದಿತ್ತು.

ಬಣ್ಣದ ಮನೆ ಇರುವುದು ಹೊಳೆಯ ದಡದಲ್ಲಿ. ಪಕ್ಕದ ಕೊಪ್ಪರಿಗೆಗಳಲ್ಲಿ ನೂಲು ಬೇಯುತ್ತದೆ, ಅದರ ಹಬೆ ಬೆಳಗಿನ ಮಂಜಿಗೆ ಸೇರಿಕೊಂಡು ಒಂದು ದಿನ ಊರೆಲ್ಲ ನಸುಗೆಂಪು, ಇನ್ನೊಂದು ದಿನ ತಿಳಿನೀಲಿ. ನೀಲಿ ಮಂಜಿನ ದಿನ ಮಕ್ಕಳು ಶಾಲೆಗೆ ಹೋಗುವಾಗ ಮೆಲ್ಲಗೆ ಮಾತಾಡುತ್ತಾರೆ. ಏಕೆಂದು ಯಾರೂ ಕೇಳುವುದಿಲ್ಲ. ಬೆಂದು ಒಣಗಿದ ನೂಲಿನ ಲಡಿಗಳು ನಮ್ಮ ಮೇಜಿಗೆ ಬರುತ್ತವೆ. ನಮ್ಮ ಕೆಲಸ ಅವುಗಳಿಗೆ ಹೆಸರಿಡುವುದು. ಕಾಸಿದ ತುಪ್ಪ, ನೆನೆದ ಇಟ್ಟಿಗೆ, ಸಂಜೆ ಐದೂವರೆ, ಮುನಿಸು. ಸೀರೆ ಕೊಳ್ಳುವವರು ಬಣ್ಣ ನೋಡಿ ಕೈಗೆತ್ತಿಕೊಳ್ಳುತ್ತಾರೆ, ಹೆಸರು ಕೇಳಿ ಕೊಳ್ಳುತ್ತಾರೆ ಎಂದು ನಮ್ಮ ಮೇಲಿನವರಾದ ವಾಮನ ಸರ್ ಹೇಳುತ್ತಿದ್ದರು.

ಹೆಸರು ವಾಮನ, ಆಕಾರ ತ್ರಿವಿಕ್ರಮ. ಬೆಳಗ್ಗೆ ಅವರು ಬಾಗಿಲು ದಾಟುವುದನ್ನು ನೋಡಲೆಂದೇ ನಾವು ಹೊಳೆಯ ಕಟ್ಟೆಯ ಮೇಲೆ ಕೂತಿರುತ್ತಿದ್ದೆವು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. ಗೋಡೆಯ ಮೇಲೆ 'ನಾವೆಲ್ಲ ಒಂದೇ ಮನೆಯವರು' ಎಂಬ ಬೋರ್ಡು ಹಾಕಿಸಿದ್ದರು, ಮನೆಯವರಲ್ಲವೇ ಎಂದು ಭಾನುವಾರವೂ ಮೆಸೇಜು ಕಳಿಸುತ್ತಿದ್ದರು. ಪಟ್ಟಣದಲ್ಲೆಲ್ಲೋ ನೋಡಿ ಬಂದು ಒಂದು ಬೀನ್ ಬ್ಯಾಗ್ ತರಿಸಿದ್ದರು, ಕೆಲಸದ ಹೊತ್ತಿನಲ್ಲಿ ಅದರಲ್ಲಿ ಕೂತವರ ಮುಖ ಮಾತ್ರ ನೆನಪಿಟ್ಟುಕೊಳ್ಳುತ್ತಿದ್ದರು. ಶುಕ್ರವಾರ ಅಂತ್ಯಾಕ್ಷರಿ, ಹಾಡಲೇಬೇಕು. ನಾವಿಟ್ಟ ಹೆಸರುಗಳು ಮಾಲೀಕರ ಹತ್ತಿರ ಹೋಗುವಾಗ ಅವರು ಇಟ್ಟ ಹೆಸರುಗಳಾಗಿರುತ್ತಿದ್ದವು. ಬೇಜಾರಿಲ್ಲ ತಾನೇ ಎಂದು ಆಮೇಲೆ ಕೇಳುತ್ತಿದ್ದರು. ಪರವಾಗಿಲ್ಲ ಸರ್ ಎನ್ನುತ್ತಿದ್ದೆವು.

ಬಡಗಣ ಕಿಟಕಿಯ ಹತ್ತಿರದ ಕುರ್ಚಿ ವಿನುತಾಳದು. ಅಲ್ಲಿಯ ಬೆಳಕಿನಲ್ಲಿ ಬಣ್ಣ ಸುಳ್ಳು ಹೇಳುವುದಿಲ್ಲ. ನಾನೂ ಅವಳೂ ಒಂದೇ ವರ್ಷ ಸೇರಿದವರು, ಒಂದೇ ಡಬ್ಬಿಯಲ್ಲಿ ಊಟ ಮಾಡಿದವರು. ಅವಳ ಗಂಡನ ಕೆಲಸ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಮನೆ ನಡೆಯುತ್ತಿದ್ದದ್ದು ಆ ಕುರ್ಚಿಯ ಮೇಲೆ. ಆದರೆ ಅದಷ್ಟೇ ಅಲ್ಲ. ಆ ಕಿಟಕಿ ಹತ್ತಿರ ಕೂತಾಗ ಮಾತ್ರ ತಾನು ಯಾರ ಹೆಂಡತಿಯೂ ಅಲ್ಲ, ಸೊಸೆಯೂ ಅಲ್ಲ ಎಂದು ಒಮ್ಮೆ ಹೇಳಿದ್ದಳು. ಮದುವೆಯಾಗಿ ಬಹಳ ಕಾಲದ ಮೇಲೆ, ಹರಕೆ ಹೊತ್ತ ಅತ್ತೆಯೂ ದೇವರೂ ಸುಸ್ತಾದ ಮೇಲೆ, ಅವಳು ಬಸುರಿಯಾದಳು.

ನಾವು ಸಂಭ್ರಮಪಟ್ಟೆವು. ಆಮೇಲೆ ಬಾಗಿಲ ಕಡೆ ನೋಡಿದೆವು. ಊರಿನ ಕಾನೂನು ಹಳೆಯದು: ಬಾಗಿಲು ದಾಟಿ ಒಳಗೆ ಬಂದರೇನೇ ಹಾಜರಿ, ಒಂದು ವಾರ ಬಾಗಿಲು ದಾಟದವರು ತಾವಾಗಿಯೇ ಕೆಲಸ ಬಿಟ್ಟಂತೆ. ಹೆರಿಗೆಯ ರಜೆ ಎಂಟು ತಿಂಗಳು ತುಂಬಿದ ಮೇಲೆ. ಅಲ್ಲಿಯ ತನಕ ಹೊಟ್ಟೆ ಬೆಳೆಯುತ್ತಿರುತ್ತದೆ, ಬಾಗಿಲು ಬೆಳೆಯುವುದಿಲ್ಲ. ಐದನೆಯ ತಿಂಗಳಲ್ಲೇ ಅವಳು ಅಡ್ಡಡ್ಡ ನಿಂತು, ಕೈಯಿಂದ ಹೊಟ್ಟೆ ಮುಚ್ಚಿಕೊಂಡು, ನಾವು ಹೊರಗಿನಿಂದ ಮೆಲ್ಲಗೆ ನೂಕಿ, ಒಳಗೆ ಬರುವುದು ಶುರುವಾಯಿತು. ಒಂದು ದಿನ ಚೌಕಟ್ಟು ಒತ್ತಿ ಅವಳ ಮುಖ ಬಿಳಿಚಿಕೊಂಡಿತು. ವಾಮನ ಸರ್ ನೀರು ತರಿಸಿಕೊಟ್ಟರು, ಹುಷಾರು ಕಣಮ್ಮ ಎಂದರು, ತಮ್ಮ ಮೇಜಿಗೆ ಹೋದರು.

ಉಪಾಯ ಹೇಳಿದ್ದು ಇಮ್ತಿಯಾಜ್. ನಮ್ಮ ಕೋಣೆಯಲ್ಲಿ ಕೆಂಪುಗಳನ್ನೆಲ್ಲ ನೋಡಿಕೊಳ್ಳುವವನು, ಮಾತು ಕಡಿಮೆ. ಎಲ್ಲರೂ ಮನೆಯಲ್ಲಿ ಆಫೀಸು ಚೆನ್ನಾಗಿದೆ ಎಂದು ಹೇಳೋಣ ಎಂದ. ಹೇಳಿದೆವು. ನಾನು ಅಮ್ಮನಿಗೆ, ಬಣ್ಣದ ಮನೆಯಂಥ ಜಾಗ ಈ ಭೂಮಿಯ ಮೇಲೆ ಇಲ್ಲ ಎಂದೆ. ಅಮ್ಮ ನನ್ನ ಹಣೆ ಮುಟ್ಟಿ ನೋಡಿದಳು. ಬೆಳಗ್ಗೆ ಬಾಗಿಲು ಇದ್ದ ಹಾಗೇ ಇತ್ತು.

ಹಾಗಾದರೆ ನಿಜವಾಗಿಯೂ ಹೇಳಲು ಏನಾದರೂ ಬೇಕಲ್ಲ ಎಂದುಕೊಂಡೆವು. ಅದನ್ನು ನಾವೇ ಮಾಡಲು ತೊಡಗಿದೆವು. ಇಮ್ತಿಯಾಜ್ ಮಧ್ಯಾಹ್ನದ ಹೊತ್ತಿಗೆ ಏಲಕ್ಕಿ ಹಾಕಿ ಚಹಾ ಮಾಡತೊಡಗಿದ. ಅವನು ಅಷ್ಟು ಚೆನ್ನಾಗಿ ಚಹಾ ಮಾಡುತ್ತಾನೆಂದು ಅಷ್ಟು ವರ್ಷ ನಮಗೆ ಗೊತ್ತೇ ಇರಲಿಲ್ಲ. ಡಬ್ಬಿಗಳನ್ನೆಲ್ಲ ಬಿಚ್ಚಿ ನಡುವೆ ಇಟ್ಟು ಉಂಡೆವು. ಒಬ್ಬರಿಗೆ ಹೆಸರು ಹೊಳೆಯದಿದ್ದರೆ ಉಳಿದವರು ಹೋಗಿ ಆ ಲಡಿಯನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂರುತ್ತಿದ್ದೆವು. ಒಂದು ದಿನ ಮಾವಿನಕಾಯಿಯ ಸಿಪ್ಪೆಯಂಥ ಹಸಿರು ಲಡಿ ಬಂತು. ವಿನುತಾ ಅದನ್ನು ನೋಡುತ್ತ ಬಾಯಲ್ಲೂರಿದ ನೀರು ನುಂಗಿದಳು. ಅದಕ್ಕೆ 'ಬಯಕೆ' ಎಂದು ಹೆಸರಿಟ್ಟು, ಅಡಿಯಲ್ಲಿ ವಿನುತಾ ಎಂದೇ ಬರೆದು, ವಾಮನ ಸರ್ ಕಣ್ಣು ತಪ್ಪಿಸಿ ಮಾಲೀಕರಿಗೆ ಕಳಿಸಿದೆವು. ಆ ಸಂಜೆ ಅಮ್ಮ ಕೇಳಿದಾಗ ನಾನು ಯೋಚಿಸದೆ, "ಚೆನ್ನಾಗಿತ್ತು ಕಣಮ್ಮ" ಎಂದಿದ್ದೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು.

ಬಾಗಿಲು ಅಗಲವಾಗತೊಡಗಿತು. ಮೊದಲು ಒಂದು ಬೆರಳು, ಆಮೇಲೆ ಒಂದು ಗೇಣು. ವಿನುತಾಳ ಹೊಟ್ಟೆಗೂ ಬಾಗಿಲಿಗೂ ಪಂದ್ಯ ಕಟ್ಟಿದ ಹಾಗೆ ಎರಡೂ ಬೆಳೆದವು, ದಿನವೂ ಬಾಗಿಲು ಒಂದು ಕೂದಲೆಳೆ ಮುಂದಿರುತ್ತಿತ್ತು. ಬೆಳಗಿನ ಮಂಜು ಒಳಗೆ ಬಂದು ಮೇಜುಗಳ ಕೆಳಗೆ ನಿಲ್ಲುತ್ತಿತ್ತು, ನಾವು ಕೇಸರಿ ಮಂಜಿನಲ್ಲಿ ಮೊಣಕಾಲು ಮುಳುಗಿಸಿಕೊಂಡು ಕೆಲಸ ಮಾಡುತ್ತಿದ್ದೆವು. ಏಳನೆಯ ತಿಂಗಳಲ್ಲಿ ಅವಳು ಕೈಬೀಸಿಕೊಂಡು, ಎದುರುಮುಖವಾಗಿ ಒಳಗೆ ಬಂದಳು. ನಾವು ಕಟ್ಟೆಯ ಮೇಲೆ ಕೂತು ನೋಡಿದೆವು. ನನಗೆ ಅಳು ಬಂತು, ಹೊಗೆ ಎಂದು ಹೇಳಿಕೊಂಡೆ.

ಅಷ್ಟರಲ್ಲಿ ಅಳತೆಯವರು ಬಂದರು. ಟೇಪು ಹಿಡಿದು, ಮತ್ತೊಮ್ಮೆ ಹಿಡಿದು, ತಲೆ ಕೆರೆದುಕೊಂಡು, ಬೀಜದ ಅಂಗಡಿಗಿಂತ ನಮ್ಮದೇ ಹೆಚ್ಚು ಎಂದು ಸಾರಿದರು. ವಾಮನ ಸರ್ ಕೊರಳಿಗೆ ಹಾರ ಬಿತ್ತು. ಇದರ ಗುಟ್ಟೇನು ಎಂದು ಪತ್ರಿಕೆಯವರು ಕೇಳಿದ್ದಕ್ಕೆ ಅವರು ಬೋರ್ಡಿನ ಕಡೆ ಕೈ ತೋರಿಸಿದರು, ಬೀನ್ ಬ್ಯಾಗಿನ ಕಡೆಯೂ ತೋರಿಸಿದರು. ನಾವು ವಿನುತಾಳಿಗಾಗಿ ಮಾಡಿದ್ದನ್ನು ಬಾಗಿಲು ಆಫೀಸಿನ ಲೆಕ್ಕಕ್ಕೆ ಹಾಕಿಕೊಂಡಿತ್ತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಅಂದುಕೊಂಡು ನಗುತ್ತ ಪೇಡ ತಿಂದೆವು. ನಗು ಇನ್ನೂ ಬಾಯಲ್ಲಿದ್ದಾಗಲೇ ಸರ್ ವಿನುತಾಳನ್ನು ಕರೆದರು.

ಹೆರಿಗೆ ಮುಗಿಸಿ ಮಗು ನೋಡಿಕೊಂಡು ಆರಾಮಾಗಿರು, ಆ ಕುರ್ಚಿಗೆ ಹೊಸಬರು ಬರುತ್ತಾರೆ ಎಂದರು. ನಮ್ಮ ಬಾಗಿಲು ನೋಡಿ ಊರಿನ ಅರ್ಧ ಜನ ಕೆಲಸ ಕೇಳಿಕೊಂಡು ಬರುತ್ತಿದ್ದಾರೆ, ಕುರ್ಚಿ ಖಾಲಿ ಬಿಡುವುದಕ್ಕಾಗುವುದಿಲ್ಲ, ಮುಂದೆ ಎಂದಾದರೂ ನೋಡೋಣ ಎಂದರು. ಮನೆಯ ಹಿರಿಯನ ಹಾಗೆ ತಲೆ ಸವರಲು ಕೈ ಎತ್ತಿ, ಹಾರ ಅಡ್ಡ ಬಂದು ಇಳಿಸಿದರು. ಆಮೇಲೆ ಕೇಳಿದರು, ಬೇಜಾರಿಲ್ಲ ತಾನೇ?

"ಪರವಾಗಿಲ್ಲ ಸರ್" ಎಂದಳು ವಿನುತಾ.

ಹೊಳೆಯ ದಾರಿಯಲ್ಲಿ ಇಬ್ಬರೂ ನಡೆದೆವು. ನೀರು ಆ ದಿನ ನೇರಳೆಯಾಗಿ ಹರಿಯುತ್ತಿತ್ತು. ನನಗೆ ಸರ್ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಅವಳ ಮೇಲೆ ಬಂದಿತ್ತು. ಯಾಕೆ ಹಾಗಂದೆ ಎಂದು ಕೇಳಿದೆ.

"ಅಭ್ಯಾಸ ಕಣೇ ಕುಮುದಾ" ಎಂದಳು. "ಬಾಯಿ ತೆಗೆದರೆ ಅದೇ ಬರುತ್ತೆ. ನನ್ನ ಮದುವೆ ಮಾತುಕತೆಯಲ್ಲೂ ಅದೇ ಅಂದಿದ್ದೆ. ಹುಡುಗ ಒಪ್ಪಿಗೆನಾ ಅಂದ್ರು. ಪರವಾಗಿಲ್ಲ ಅಂದೆ."

ನಾನು ನಗಬಾರದಿತ್ತು, ನಕ್ಕೆ. ಅವಳು ನಗಲಿಲ್ಲ. ಅವಳ ಮನೆಯ ತಿರುವಿನಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತಳು, ಒದೆಯುತ್ತಿದೆ ಎಂದಳು, ಹೋದಳು. ನಾನು ಮನೆಗೆ ಬಂದೆ. ಅಮ್ಮ ಕೇಳಿದಳು. ಮೊದಲ ಸಲ ಇದ್ದದ್ದನ್ನು ಇದ್ದ ಹಾಗೆ, ಚಪ್ಪಲಿಯನ್ನೂ ಬಿಡದೆ, ಹೊಸಿಲ ಮೇಲೆಯೇ ನಿಂತು ಹೇಳಿದೆ. ಅಮ್ಮ ತಟ್ಟೆ ಹಾಕುವುದನ್ನು ಮರೆತು ಕೇಳಿಸಿಕೊಂಡಳು. ಅಪ್ಪ ಪತ್ರಿಕೆ ಕೆಳಗಿಟ್ಟು ಕೇಳಿಸಿಕೊಂಡರು.

ಬೆಳಗ್ಗೆ ಹೋಗಿ ನೋಡಿದರೆ ಬಣ್ಣದ ಮನೆಗೆ ಬಾಗಿಲೇ ಇಲ್ಲದಂತಾಗಿತ್ತು. ಅಂಗೈ ಅಡ್ಡ ಹಿಡಿದರೆ ತೂರುವಷ್ಟು ಒಂದು ಸಂದು. ಎಲ್ಲರ ಮನೆಯಲ್ಲೂ ನಮ್ಮ ಮನೆಯ ಕಥೆಯೇ ನಡೆದಿತ್ತು. ಸಂದಿಯಿಂದ ವಾಮನ ಸರ್ ದನಿ ಬಂತು. ನಿನ್ನೆ ಎಲ್ಲರೂ ಹೋದ ಮೇಲೆ ಬೀನ್ ಬ್ಯಾಗಿನಲ್ಲಿ ಕೂತವರು ಏಳಲಾಗದೆ ಅಲ್ಲೇ ನಿದ್ದೆ ಹೋದರಂತೆ. ಕಿಟಕಿಗೆ ಕಬ್ಬಿಣದ ಸರಳು. ಏನು ಹೇಳಿದಿರಿ, ಯಾರು ಹೇಳಿದಿರಿ ಎಂದು ಕೇಳುತ್ತಿದ್ದರು. ವಿನುತಾ ಏದುಸಿರು ಬಿಡುತ್ತ ದಾರಿಯಲ್ಲಿ ಬಂದು, ಸಂದಿಯ ಹತ್ತಿರ ನಿಂತಳು.

"ಅತ್ತೆ ಕೇಳಿದ್ರು ಸರ್, ಹೇಗಿತ್ತು ಅಂತ. ಪರವಾಗಿಲ್ಲ ಅನ್ನೋಕೆ ಹೋದೆ, ನಾಲಿಗೆ ತಿರುಗಲಿಲ್ಲ. ಪರವಾ ಇದೆ ಅಂದ್ಬಿಟ್ಟೆ."

ಅಂಥ ಮಾತು ನಮ್ಮೂರಿನಲ್ಲಿ ಇಲ್ಲ. ಯಾರೂ ಆಡಿದ್ದನ್ನು ನಾನು ಕೇಳಿಲ್ಲ. ಇಮ್ತಿಯಾಜ್ ಆ ಮಾತನ್ನು ಮೆಲ್ಲಗೆ ಇನ್ನೊಮ್ಮೆ ಆಡಿ ನೋಡಿದ.

ಸರ್ ಕೂಡಲೇ ಒಪ್ಪಿಕೊಂಡರು. ಕುರ್ಚಿ ನಿನ್ನದೇ, ಆಯಿತಲ್ಲ, ಇನ್ನು ಬಾಗಿಲು ತೆಗೆಸು ಎಂದರು. ಅದು ತನ್ನ ಕೈಯಲ್ಲಿಲ್ಲ ಎಂದಳು ವಿನುತಾ. ಸಂಜೆ ಅತ್ತೆ ಕೇಳುತ್ತಾರೆ, ಹೊಟ್ಟೆಯೊಳಗೆ ನಂಬಿಕೆ ಬಂದಿದ್ದರೆ ಬಾಗಿಲು ಕೇಳುತ್ತದೆ, ಬಾರದಿದ್ದರೆ ತಾನು ಏನು ಹೇಳಿದರೂ ಅಷ್ಟೇ ಎಂದಳು. ಹೆದರಿಸಲಿಕ್ಕೆ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದಳು.

ಆ ದಿನವೆಲ್ಲ ನಾವು ಹೊರಗೆ ಕಟ್ಟೆಯ ಮೇಲೆ, ಅವರು ಒಳಗೆ. ಚಪಾತಿಯನ್ನು ಸುರುಳಿ ಸುತ್ತಿ, ಬಾಳೆಹಣ್ಣನ್ನು ಒಂದೊಂದಾಗಿ ಸಂದಿಯಲ್ಲಿ ತೂರಿಸಿದೆವು. ಅವರ ಮನೆಗೆ ಸುದ್ದಿ ಮುಟ್ಟಿಸಬೇಕೇ ಎಂದು ನಾನು ಕೇಳಿದೆ. ಬೇಡ, ಮನೆಯಲ್ಲಿ ಯಾರೂ ಕೇಳುವುದಿಲ್ಲ ಎಂದರು. ಹೊತ್ತು ಏರಿತು, ಮಂಜು ಕರಗಿತು. ಒಳಗೆ ಅವರು ಓಡಾಡುವ ಸದ್ದು, ಕುರ್ಚಿ ಎಳೆಯುವ ಸದ್ದು. ಮೊದಲು ಸಂದಿಯಿಂದ ಅವರ ಮೊಬೈಲು ಹೊರಗೆ ಬಂತು, ಭಾನುವಾರ ಇದು ನಿಮ್ಮ ಹತ್ತಿರವೇ ಇರಲಿ ಎಂದರು. ನಾವು ಸುಮ್ಮನೆ ತೆಗೆದುಕೊಂಡೆವು. ವಿನುತಾ ಅದರ ಕಡೆ ನೋಡಲೂ ಇಲ್ಲ. ಇಳಿಹೊತ್ತಿನಲ್ಲಿ ಅವರು ಅವಳ ಹೆಸರು ಹಿಡಿದು ಕರೆದರು.

"ವಿನುತಾ, ಇಲ್ಲಿ ನೋಡಮ್ಮ. ಟವಲ್ ಹಾಕಿದೀನಿ."

ಅವಳು ಸಂದಿಗೆ ಕಣ್ಣು ಹಚ್ಚಿ ನೋಡಿದಳು, ಆಮೇಲೆ ನಾನು ನೋಡಿದೆ. ಬಡಗಣ ಕಿಟಕಿಯ ಹತ್ತಿರ ಅವಳ ಕುರ್ಚಿಯ ಮೇಲೆ ಸರ್ ಯಾವಾಗಲೂ ಹೆಗಲ ಮೇಲೆ ಹಾಕಿಕೊಳ್ಳುವ ಕೆಂಪಂಚಿನ ಟವಲ್ ಹಾಸಿತ್ತು. ನೀಟಾಗಿ ಮಡಿಸಿ ಹಾಸಿದ್ದರು. ಬಸ್ಸಿನ ಕಿಟಕಿಯಿಂದ ಟವಲ್ ಎಸೆದು ಹಿಡಿದ ಸೀಟಿನಲ್ಲಿ ನಮ್ಮ ಕಡೆ ಎಂಥ ರೌಡಿಯೂ ಕೂರುವುದಿಲ್ಲ. ಕುರ್ಚಿ ಯಾರದು ಎಂದು ಬರೆದುಕೊಟ್ಟಿದ್ದರೆ ಹರಿಯಬಹುದಿತ್ತು, ಆಣೆ ಮಾಡಿದ್ದರೆ ಮರೆಯಬಹುದಿತ್ತು. ಹಾಸಿದ ಟವಲ್ ತೆಗೆಯುವ ಗುಂಡಿಗೆ ನಮ್ಮಲ್ಲಿ ಯಾರಿಗೂ ಇಲ್ಲ, ಹಾಸಿದವರಿಗೂ ಇಲ್ಲ.

ಮಾರನೆಯ ಬೆಳಗ್ಗೆ ಬಾಗಿಲು ತೆರೆದಿತ್ತು. ಹಿಂದಿನಷ್ಟು ಅಗಲವಿರಲಿಲ್ಲ. ಎಂಟು ತುಂಬುವ ಹೊಟ್ಟೆಯೊಂದು ಎದುರುಮುಖವಾಗಿ ಬರುವಷ್ಟು, ಸರಿಯಾಗಿ ಅಷ್ಟೇ. ವಾಮನ ಸರ್ ಮಾತ್ರ ಅಡ್ಡ ತಿರುಗಿ, ಉಸಿರು ಹಿಡಿದು ಹೊರಗೆ ಬಂದರು. ಹೊಳೆಯಲ್ಲಿ ಮುಖ ತೊಳೆದುಕೊಂಡರು, ಒರೆಸಿಕೊಳ್ಳಲು ಹೆಗಲ ಮೇಲೆ ಕೈ ಹಾಕಿ, ಟವಲ್ ಇಲ್ಲದ್ದು ನೆನಪಾಗಿ ಹಾಗೇ ಗಾಳಿಗೆ ಮುಖ ಒಡ್ಡಿ ನಿಂತರು. ಅತ್ತೆಗೆ ಏನು ಹೇಳಿದೆ ಎಂದು ವಿನುತಾಳನ್ನು ಕೇಳಿದೆ. ಟವಲ್ ಹಾಕಿದ್ದಾರೆ ಎಂದಷ್ಟೇ ಹೇಳಿದೆ, ಅತ್ತೆ ಹಾಗಾದರೆ ಸರಿ ಎಂದರು ಎಂದಳು.

ಅವಳು ರಜೆಗೆ ಹೋದಳು, ಹೆಣ್ಣುಮಗು ಹುಟ್ಟಿತು. ಮಾವಿನ ಹೂ ಬಂತು, ಕಾಯಿ ಬಂತು, ಟವಲ್ ಮೇಲೆ ಕೊಪ್ಪರಿಗೆಯ ಹಬೆ ಕೂತು ಅದರ ಅಂಚು ಯಾವ ಕೆಂಪು ಎಂದು ಇಮ್ತಿಯಾಜನಿಗೂ ಹೇಳಲಾಗದಂತಾಯಿತು. ಕೆಲಸ ಕೇಳಿ ಬಂದವರು ಖಾಲಿ ಕುರ್ಚಿ ನೋಡುತ್ತಿದ್ದರು, ಟವಲ್ ನೋಡುತ್ತಿದ್ದರು, ಮರುಮಾತಾಡದೆ ಹೋಗುತ್ತಿದ್ದರು. ಒಂದು ಬೆಳಗ್ಗೆ ನಸುಹಸಿರು ಮಂಜಿನಲ್ಲಿ ವಿನುತಾ ಬಂದಳು, ಟವಲ್ ಕೊಡವಿ ಮಡಿಸಿ ಸರ್ ಮೇಜಿನ ಮೇಲಿಟ್ಟು, ತನ್ನ ಕುರ್ಚಿಯಲ್ಲಿ ಕೂತಳು. ನಾವು ಯಾರೂ ಚಪ್ಪಾಳೆ ತಟ್ಟಲಿಲ್ಲ. ಇಮ್ತಿಯಾಜ್ ಚಹಾಕ್ಕೆ ನೀರಿಟ್ಟ.

ಸಂಜೆ ಎಲ್ಲರೂ ಹೊರಡುವ ಹೊತ್ತು. ವಾಮನ ಸರ್ ಬಾಗಿಲಿಗೆ ಬೀಗ ಹಾಕಲು ನಿಂತಿದ್ದರು, ಟವಲ್ ಹೆಗಲಿಗೆ ಮರಳಿತ್ತು. ಅವರನ್ನು ದಾಟಿ ಎರಡು ಹೆಜ್ಜೆ ಹೋದ ವಿನುತಾ ಏನೋ ನೆನಪಾದವಳ ಹಾಗೆ ತಿರುಗಿದಳು.

"ಸರ್, ನಿಮಗೆ ಹೇಗಿತ್ತು ಇವತ್ತು ಕೆಲಸ?"

ಅವರು ಬೀಗ ಹಿಡಿದುಕೊಂಡೇ ಅವಳನ್ನು ನೋಡಿದರು. ನಮ್ಮನ್ನು ನೋಡಿದರು. "ಪರವಾ" ಎಂದರು, ಅಲ್ಲಿಗೇ ನಿಂತರು. ಆ ಮಾತಿಗೆ ಈಗ ಎರಡು ದಾರಿ ಇರುವುದು ಅವರಿಗೂ ಗೊತ್ತಿತ್ತು. ಆಮೇಲೆ, ಯಾರಿಗೂ ಕೇಳಬಾರದು ಎನ್ನುವಷ್ಟು ಮೆತ್ತಗೆ, "ಸುಸ್ತಾಯ್ತು ಕಣಮ್ಮ" ಎಂದರು.

ಅವರ ವಯಸ್ಸಿನವರ ಮಾತು ಬಾಗಿಲಿಗೆ ಕೇಳುವುದಿಲ್ಲ ಎಂದೇ ನಾವು ನಂಬಿದ್ದೆವು. ಅವರ ಬೆನ್ನ ಹಿಂದೆ ಚೌಕಟ್ಟು ಕಿರ್ ಎಂದಿತು. ಹಿಗ್ಗಿತೋ ಕುಗ್ಗಿತೋ ಎಂದು ನಮ್ಮಲ್ಲಿ ಯಾರೂ ತಿರುಗಿ ನೋಡಲಿಲ್ಲ, ಸರ್ ಜೊತೆ ಕಟ್ಟೆಯ ಮೇಲೆ ಕೂತೆವು. ಅವತ್ತು ನಾನು ಮನೆ ಸೇರಿದಾಗ ಹೊತ್ತಾಗಿತ್ತು. ಅಮ್ಮ ಕೇಳುವ ಮೊದಲೇ, ಪತ್ರಿಕೆ ಹಿಡಿದು ಕೂತಿದ್ದ ಅಪ್ಪನ ಹತ್ತಿರ ಹೋಗಿ ಕೂತೆ. ನೀರು ಸರಬರಾಜು ಕಚೇರಿಯ ಬಾಗಿಲು ಎಷ್ಟು ಅಗಲವಿತ್ತು ಎಂದು ಅಪ್ಪನನ್ನು ಕೇಳಿದೆ.